ಮಾಸ್ತರರ ಇಟಲಿ ಗಾಡಿ

ಕುಷ್ಟಗಿಯಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಬಂದವರನ್ನು ಕೂರಿಸಲು ಒಂದು ನೆಟ್ಟನೆಯ ಕುರ್ಚಿ ಇರಲಿಲ್ಲ. ಅಂಥ ಮನೆಯ ಮುಂದೆ ಎಪ್ಪತ್ತರ ದಶಕದ ನಡುವಿನ ಒಂದು ದಿನ ಇಟಲಿ ದೇಶದ ಕಾರೊಂದು ಬಂದು ನಿಂತಿತು. ಅದರಿಂದ ಇಳಿದವರು ಸಾಹುಕಾರರಲ್ಲ, ಮಂತ್ರಿಯಲ್ಲ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನ್ನ ಗಂಡ. ಮುಖದಲ್ಲಿ ಸಂಕೋಚವೂ ಇತ್ತು, ಸಂಭ್ರಮವೂ ಇತ್ತು. ನಾನು ಕೈಯಲ್ಲಿದ್ದ ಮೊರ ಕೆಳಗಿಡದೆ ಬಾಗಿಲಲ್ಲೇ ನಿಂತು, ಇದು ಯಾರದು ಎಂದು ಕೇಳಿದೆ. ನಮ್ಮದೇ ಎಂದರು. ನಾನು ಒಳಗೆ ಹೋಗಿ ಜೋಳ ಹಸನು ಮಾಡುವ ಕೆಲಸ ಮುಂದುವರಿಸಿದೆ.

ನೋಡಲು ಅದು ನಮ್ಮ ಕಡೆಯ ಯಾವ ಗಾಡಿಯಂತೆಯೂ ಇರಲಿಲ್ಲ. ಇದ್ದದ್ದು ಎರಡೇ ಬಾಗಿಲು. ಮೂಗು ಉದ್ದ, ಬೆನ್ನು ಗಿಡ್ಡ. ಬಣ್ಣ ಅಗಸಿ ಹೂವಿನ ನೀಲಿ, ಅಲ್ಲಲ್ಲಿ ಸಿಪ್ಪೆ ಎದ್ದಿತ್ತು. ಎಷ್ಟು ತಗ್ಗೆಂದರೆ ಒಳಗೆ ಕೂತವರಿಗೆ ಬೀದಿಯ ಆಡುಗಳು ಸಮ ಎತ್ತರದಲ್ಲಿ ನಿಂತು ಮುಖ ನೋಡುತ್ತಿದ್ದವು. ಹಿಂದೆ ಬೆಳ್ಳಿಯ ಅಕ್ಷರಗಳಲ್ಲಿ ಏನೋ ಹೆಸರಿತ್ತು. ಅರ್ಧ ಉದುರಿ ಹೋಗಿತ್ತು, ಉಳಿದರ್ಧ ಯಾರ ನಾಲಿಗೆಗೂ ಹೊರಳುತ್ತಿರಲಿಲ್ಲ. ಹಾಗಾಗಿ ಊರು ಅದಕ್ಕೆ ಮಾಸ್ತರರ ಇಟಲಿ ಗಾಡಿ ಎಂದು ತಾನೇ ಹೆಸರಿಟ್ಟಿತು.

ಅದನ್ನು ಮೊದಲು ತರಿಸಿದವರು ಹೈದರಾಬಾದಿನ ಯಾವುದೋ ದೊಡ್ಡ ಮನೆತನದವರಂತೆ. ಅವರಿಂದ ಗಂಗಾವತಿಯ ಅಕ್ಕಿ ಗಿರಣಿಯ ಮಾಲೀಕರೊಬ್ಬರ ಕೈಗೆ ಬಂತು. ಕಾಲುವೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ಬಂದು ನೆಲೆಸಿದವರು ಅವರು. ಆಸೆಪಟ್ಟು ಕೊಂಡರೇ ಹೊರತು ಅವರಿಗದು ಒಗ್ಗಲಿಲ್ಲ. ತುಂಬಿದ ಸಂಸಾರ ಅದರಲ್ಲಿ ಹಿಡಿಸಲಿಲ್ಲ. ಗಿರಣಿಗೆ ಬಂದರೆ ಹಮಾಲರು ಮೇಲಿನಿಂದ ಬಗ್ಗಿ ನೋಡಿ ನಮಸ್ಕಾರ ಹೇಳುತ್ತಿದ್ದರಂತೆ. ಅಷ್ಟರಲ್ಲಿ ಪೆಟ್ರೋಲಿನ ದರ ಏರಿತು. ಗಾಡಿ ಗಿರಣಿಯ ಬೇವಿನ ಮರದ ಕೆಳಗೆ ನಿಂತಿತು, ಮೇಲೆ ತೌಡು ಬಿತ್ತು, ಹಿಂದಿನ ಸೀಟಿನಲ್ಲಿ ಕೋಳಿ ಮೊಟ್ಟೆಯಿಟ್ಟಿತು. ಬೇಸಿಗೆ ರಜೆಯಲ್ಲಿ ಅವರ ಮಕ್ಕಳಿಗೆ ಗಣಿತ ಹೇಳಿಕೊಡಲು ಹೋಗುತ್ತಿದ್ದ ನಮ್ಮ ಮನೆಯವರ ಕಣ್ಣು ಅದರ ಮೇಲೆ ಬಿತ್ತು. ಒಯ್ಯಿರಿ ಎಂದು ಅವರು ಹೆಚ್ಚುಕಡಿಮೆ ಪುಕ್ಕಟೆಯಾಗಿ ಕೊಟ್ಟರು.

ಪುಕ್ಕಟೆ ಬಂದದ್ದಕ್ಕೆ ಊರಿನವರು ಬೆಲೆ ಕೊಡಲಿಲ್ಲ. ಗಾಡಿ ಎಂದರೆ ಮಂದಿ ಹಿಡಿಯಬೇಕು, ಚೀಲ ಹಿಡಿಯಬೇಕು, ಮದುವೆಯ ದಿಬ್ಬಣಕ್ಕಾದರೂ ಬರಬೇಕು. ಟ್ರ್ಯಾಕ್ಟರ್ ಹೊಡೆಯುವವನೊಬ್ಬ ಅದರ ಸುತ್ತ ಒಂದು ಸುತ್ತು ಬಂದು, ಇದರಲ್ಲಿ ಎಷ್ಟು ಚೀಲ ಹಿಡಿಯುತ್ತವೆ ಎಂದು ಕೇಳಿದ. ಚೀಲಕ್ಕೆ ಮಾಡಿದ್ದಲ್ಲ ಎಂದು ನಮ್ಮವರು ಹೇಳಿದರು. ಹಾಗಾದರೆ ಓಟದ ಪಂದ್ಯಕ್ಕೋ? ಅದಕ್ಕೂ ಅಲ್ಲ. ಇಟಲಿಯಲ್ಲಿ ಬೆಳಿಗ್ಗೆ ದೇಶದ ಒಂದು ತುದಿಯಲ್ಲಿ ಹೊರಟು ಸಂಜೆಗೆ ಇನ್ನೊಂದು ತುದಿಯಲ್ಲಿ ಇಳಿಯುವವರಿಗಾಗಿ ಇದನ್ನು ಮಾಡುತ್ತಾರೆ, ಇಳಿದಾಗ ಮೈಕೈ ನೋಯಬಾರದು, ಇದರ ಹೆಚ್ಚುಗಾರಿಕೆ ಅಷ್ಟೇ ಎಂದು ಅವರು ಪಾಠ ಒಪ್ಪಿಸುತ್ತಿದ್ದರು. ಕೇಳಿದವರು ನಗುತ್ತ ಹೋಗುತ್ತಿದ್ದರು. ಕುಷ್ಟಗಿಯಿಂದ ದೇಶದ ಯಾವ ತುದಿಗೆ ಹೋಗಬೇಕಾಗಿತ್ತು ನಾವು?

ನನಗೆ ನಗು ಬರಲಿಲ್ಲ, ಮೈ ಉರಿಯಿತು. ಕಾರಣ ಹೇಳುತ್ತೇನೆ. ಆ ಗಾಡಿ ಬರುವ ಕೆಲವೇ ತಿಂಗಳ ಹಿಂದೆ ನನ್ನ ಎರಡನೆಯ ಬಸಿರು ಇಳಿದಿತ್ತು. ಮೊದಲನೆಯದು ಐದು ತಿಂಗಳಿಗೆ, ಕೊಪ್ಪಳದಿಂದ ಬಸ್ಸಿನಲ್ಲಿ ಬಂದ ಮರುದಿನ ಹೋಯಿತು. ಎರಡನೆಯದು ಯಲಬುರ್ಗಾ ಕಡೆಯ ಮಂಗಳೂರಿನಲ್ಲಿ ನಾದಿನಿಯ ಮನೆಯ ಕಾರ್ಯ ಮುಗಿಸಿ, ಬಸ್ಸು ತಪ್ಪಿ, ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಬಂದ ಮೇಲೆ. ಗಂಗಾವತಿಯ ಡಾಕ್ಟರಮ್ಮ ನನ್ನ ಕೈ ಹಿಡಿದು ತಿಳಿಸಿ ಹೇಳಿದ್ದರು: ನನ್ನ ಗರ್ಭ ಕುಲುಕಾಟ ತಡೆಯುವಂಥದ್ದಲ್ಲ, ಮುಂದಿನ ಸಲ ಹಾಸಿಗೆ ಬಿಟ್ಟು ಏಳಬಾರದು, ಆದರೆ ದಿನ ತುಂಬುವ ಹೊತ್ತಿಗೆ ತಮ್ಮ ಆಸ್ಪತ್ರೆಯ ಹತ್ತಿರ ಇರಲೇಬೇಕು, ಕುಷ್ಟಗಿಯಲ್ಲಿ ಹೆರಿಗೆಗೆ ಕೂತರೆ ಕೂಸೂ ಉಳಿಯಲಿಕ್ಕಿಲ್ಲ, ನಾನೂ ಉಳಿಯಲಿಕ್ಕಿಲ್ಲ. ಹಾಸಿಗೆ ಬಿಡಬಾರದು, ಊರು ಬಿಡಬೇಕು. ಈ ಒಗಟನ್ನು ಹೊತ್ತುಕೊಂಡು ನಾನು ಮನೆಗೆ ಬಂದಿದ್ದೆ. ನನ್ನ ಗಂಡ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅತ್ತು ಕರೆಯಲಿಲ್ಲ, ಸಮಾಧಾನ ಹೇಳಲಿಲ್ಲ. ಕಾರು ತಂದರು.

ಪ್ರತಿ ರವಿವಾರ ಅವರು ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕಿಕೊಂಡು ಕೂರುವುದನ್ನು ನೋಡಿದಾಗ ನನಗೆ ಸವತಿ ಬಂದಳೇನೋ ಎನಿಸುತ್ತಿತ್ತು. ಸಿಗದ ಸಾಮಾನಿಗೆ ಕೊಪ್ಪಳದ ಬಸ್ ರಿಪೇರಿ ಮೇಸ್ತ್ರಿಯ ಹತ್ತಿರ ಹೋಗುವರು, ಇಲ್ಲದ್ದನ್ನು ಕಾಯಿಸಿ ಬಡಿದು ಮಾಡಿಸುವರು. ಬೆಳಿಗ್ಗೆ ಗಾಡಿ ಮುನಿಸಿಕೊಂಡರೆ ಹತ್ತನೆಯ ಇಯತ್ತೆಯ ಹುಡುಗರೆಲ್ಲ ಸೇರಿ ನೂಕುತ್ತಿದ್ದರು. ಆ ದಿನ ಅವರಿಗೆ ಲೆಕ್ಕದಲ್ಲಿ ಮಾಫಿ.

ಆ ಗಾಡಿಯ ದೊಡ್ಡ ತಕರಾರು ಇನ್ನೊಂದಿತ್ತು. ಸ್ಟೇರಿಂಗ್ ಎಡಗಡೆ. ಮುಂದೆ ಎತ್ತಿನ ಬಂಡಿಯೋ ಲಾರಿಯೋ ಹೋಗುತ್ತಿದ್ದರೆ, ಅದನ್ನು ದಾಟಲು ಎದುರಿನ ರಸ್ತೆ ಅವರಿಗೆ ಕಾಣುತ್ತಿರಲಿಲ್ಲ. ಬಲಗಡೆ ಕೂತ ನಾನು ಕತ್ತು ಚಾಚಿ ನೋಡಿ ಹೇಳಬೇಕಾಗಿತ್ತು. "ಖಾಲಿ ಐತ್ರಿ, ಹೊಡೀರಿ" ಎಂದರೆ ಮುಂದೆ ಹೋಗುವರು. "ತಡೀರಿ" ಎಂದರೆ ತಡೆಯುವರು. ಮದುವೆಯಾಗಿ ಅಷ್ಟು ವರ್ಷಗಳಲ್ಲಿ ನನ್ನ ಒಂದು ಮಾತಿಗೂ ಇಷ್ಟು ಚುರುಕಾಗಿ ಕಿವಿಗೊಡದ ಮನುಷ್ಯ, ರಸ್ತೆಯ ಮೇಲೆ ನನ್ನ ಮಾತು ಮೀರುತ್ತಿರಲಿಲ್ಲ. ಇದು ನನಗೆ ಹಿಡಿಸಿತು ಎಂದು ಹೇಳಲು ನಾಚಿಕೆಯೇನಿಲ್ಲ. ಹನುಮಸಾಗರಕ್ಕೆ ಒಮ್ಮೆ ಹೋಗಿ ಬಂದೆವು. ತೊಗಲಿನ ಸೀಟು ಹರಿದಿತ್ತು, ಆದರೆ ಕೂತರೆ ಬೆನ್ನಿಗೆ ಯಾರೋ ಕೈಕೊಟ್ಟು ಹಿಡಿದಂತೆ ಇತ್ತು. ಮನೆಗೆ ಬಂದು ಇಳಿದಾಗ ಸೊಂಟ ಹಿಡಿದಿರಲಿಲ್ಲ. ಅದನ್ನು ಮಾತ್ರ ಅವರ ಮುಂದೆ ಹೇಳಲಿಲ್ಲ, ಹೇಳಿದ್ದರೆ ಮತ್ತೆ ಇಟಲಿಯ ಪಾಠ ಶುರುವಾಗುತ್ತಿತ್ತು.

ಮುಂದಿನ ವರ್ಷ ನಾನು ಮೂರನೆಯ ಸಲ ಬಸುರಿಯಾದೆ. ಹಳ್ಳಿಯಲ್ಲಿ ಒಕ್ಕಲುತನ ಮಾಡಿಕೊಂಡಿದ್ದ ಅತ್ತೆ ಮಾವ ಹೊಲಮನೆ ಬಿಟ್ಟು ನಮ್ಮ ಜೊತೆ ಬಂದು ನಿಂತರು. ಅತ್ತೆ ನನ್ನನ್ನು ಮಂಚದಿಂದ ಇಳಿಯಗೊಡಲಿಲ್ಲ. ಮಾಳಿಗೆಯ ಜಂತಿಗಳನ್ನು ನೋಡುತ್ತ ತಿಂಗಳುಗಳನ್ನು ಕಳೆದೆ. ಎಂಟರಲ್ಲಿ ಸೀಮೆ ದಾಟಿಸಬಾರದೆಂದು ಹಿರಿಯರ ಕಟ್ಟಳೆ, ಹಾಗಾಗಿ ಒಂಬತ್ತು ಹತ್ತಿದ ಕೂಡಲೇ ಹೊರಡುವುದೆಂದಾಯಿತು. ನನ್ನ ತವರು ನವಲಿ. ಅಲ್ಲಿಂದ ಗಂಗಾವತಿ ಆಸ್ಪತ್ರೆಗೆ ಹಾದಿ ಅಷ್ಟೇನೂ ದೂರವಲ್ಲ. ಆದರೆ ಕುಷ್ಟಗಿಯಿಂದ ತಾವರಗೇರಾ, ಕನಕಗಿರಿ ದಾಟಿ ನವಲಿ ಮುಟ್ಟುವ ರಸ್ತೆಯಿದೆಯಲ್ಲ, ಅದನ್ನು ನೆನೆದರೇ ಹೊಟ್ಟೆಯೊಳಗಿನ ಕೂಸು ಮುದುಡಿದಂತಾಗುತ್ತಿತ್ತು. ಅದೇ ರಸ್ತೆಯಲ್ಲಿ, ಆ ಗಾಡಿಯಲ್ಲಿ, ನನ್ನ ಕೂಸು ಉಳಿಯಬೇಕಿತ್ತು.

ಹೊರಡುವ ದಿನ ಮಾವ ಡಿಕ್ಕಿ ತೆಗೆಸಿ ಎರಡು ಚೀಲ ಜೋಳ ಹೇರಿದರು. ನಮ್ಮವರು ಬೇಡವೆಂದರು. ಹುಟ್ಟಿದಾಗಿನಿಂದ ಬಂಡಿ ಹೊಡೆದ ಮಾವ ಕೇಳಲಿಲ್ಲ.

"ಖಾಲಿ ಬಂಡಿ ಭಾಳ ಕುಣೀತೈತಿ. ಒಜ್ಜಿ ಬಿದ್ರ ಸುಮ್ಮನ ಹೋಗ್ತೈತಿ. ಹುಡುಗಿ ಮೈ ಅಲಗಬಾರದಪಾ" ಎಂದರು.

ಬಂಡಿಯ ಮಟ್ಟಿಗೆ ಅದು ಖರೆ. ನಮ್ಮ ಕಡೆ ಬಸುರಿಯನ್ನು ಬಂಡಿಯಲ್ಲಿ ಕಳಿಸುವಾಗ ಹಿಂದೆ ಒಂದಷ್ಟು ಭಾರ ಹಾಕಿಯೇ ಕಳಿಸುತ್ತಿದ್ದರು. ಅಪ್ಪನ ಎದುರು ಮಾತಾಡಿ ರೂಢಿಯಿಲ್ಲದ ಗಣಿತದ ಮಾಸ್ತರರು ಚೀಲಗಳನ್ನು ಸರಿಯಾಗಿ ಹೊಂದಿಸಿಟ್ಟರು. ಅತ್ತೆ ಅದರ ಮೇಲೆ ಬಸುರಿಗೆ ಮಾಡುವ ಕುಬಸದ ಬುತ್ತಿಯ ಬುಟ್ಟಿ, ಬಾಣಂತನದ ಸಾಮಾನಿನ ಟ್ರಂಕು ಇಟ್ಟರು. ಗಾಡಿಯ ಬೆನ್ನು ನೆಲಕ್ಕೆ ಕುಕ್ಕರಿಸಿತು, ಮೂಗು ಮೇಲಕ್ಕೆ ಎದ್ದಿತು. ಮುಂದಿನ ಸೀಟನ್ನು ಹಿಂದಕ್ಕೆ ಮಲಗಿಸಿ ನನ್ನನ್ನು ಒರಗಿಸಿದರು. ಹಿಂದಿನ ಇಕ್ಕಟ್ಟಿನಲ್ಲಿ ಅತ್ತೆ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಓರೆಯಾಗಿ ಕೂತರು.

ಮಾವನ ಮಾತು ಸುಳ್ಳಾಗಲಿಲ್ಲ, ಮೊದಮೊದಲು ಗಾಡಿ ನೀರಿನ ಮೇಲೆ ಹೋದಂತೆ ಹೋಯಿತು. ಗುಂಡಿ ಬಂದದ್ದು ಕಣ್ಣಿಗೆ ಕಾಣುತ್ತಿತ್ತು, ಮೈಗೆ ತಿಳಿಯುತ್ತಿರಲಿಲ್ಲ. ನನಗೆ ನಿದ್ದೆ ಬಂತು. ಎಚ್ಚರವಾದಾಗ ಗಾಡಿ ತೆವಳುತ್ತಿತ್ತು, ಮುಂದೆ ಮೇವಿನ ಬಂಡಿಯೊಂದು ಹೋಗುತ್ತಿತ್ತು. ಯಾಕೆ ದಾಟಲಿಲ್ಲ ಎಂದು ಕೇಳಿದೆ. ಅತ್ತೆ ಹಿಂದಿನಿಂದ ಹೇಳಿದರು, ಆ ಬಂಡಿಯ ಬೆನ್ನು ಹತ್ತಿ ಬಹಳ ಹೊತ್ತಾಯಿತು, ನಿನ್ನನ್ನು ಎಬ್ಬಿಸಬಾರದೆಂದು ಇವನು ಎತ್ತಿನ ಹೆಜ್ಜೆಯಲ್ಲೇ ಬರುತ್ತಿದ್ದಾನೆ ಎಂದು. ಎದುರಿನ ರಸ್ತೆ ನೋಡಿ ಹೇಳುವ ಕಣ್ಣು ನಿದ್ದೆ ಮಾಡಿತ್ತಲ್ಲ. ನಾನು ಕತ್ತು ಎತ್ತಿ ನೋಡಿ, ಖಾಲಿ ಇದೆ ಎಂದೆ. ಅವರು ಬಂಡಿ ದಾಟಿದರು.

ತಾವರಗೇರಾ ದಾಟಿದ ಮೇಲೆ ಒಂದು ಹಳ್ಳ ಇಳಿದು ಹತ್ತುವಾಗ ಕೆಳಗೆ ಕಲ್ಲು ಉಜ್ಜಿದ ಸದ್ದಾಯಿತು. ಗಾಡಿ ನಿಲ್ಲಲಿಲ್ಲ. ಸ್ವಲ್ಪ ಹೊತ್ತಿಗೆ ನನ್ನ ಮೂಗಿಗೆ ಘಾಟು ಹೊಡೆಯಿತು. ಪೆಟ್ರೋಲಿನ ವಾಸನೆ ಎಂದೆ. ಅತ್ತೆ ಅದು ಬಸುರಿಯ ಮೂಗು, ಏನೇನೋ ಹತ್ತುತ್ತದೆ ಎಂದರು. ನಮ್ಮವರು ಮೂಸಿ ನೋಡಿ ಏನೂ ಇಲ್ಲವೆಂದರು. ನನಗೆ ಸಿಟ್ಟು ಬಂತು.

"ನಿಲ್ಲಸ್ರಿ ಗಾಡಿ. ನಿಲ್ಲಸಲಿಲ್ಲಂದ್ರ ನಾ ಇಳೀತೀನಿ" ಎಂದೆ.

ನಿಲ್ಲಿಸಿ ಕೆಳಗೆ ಬಗ್ಗಿ ನೋಡಿದವರ ಮುಖ ಸುಣ್ಣದಂತೆ ಬಿಳುಪೇರಿತು. ಭಾರಕ್ಕೆ ಜಗ್ಗಿದ್ದ ಬೆನ್ನು ಕಲ್ಲಿಗೆ ಉಜ್ಜಿ ಪೆಟ್ರೋಲ್ ಟಾಕಿ ಸೀಳು ಬಿಟ್ಟಿತ್ತು, ಹನಿ ಹನಿ ಇಳಿಯುತ್ತಿತ್ತು. ಇನ್ನೊಂದಿಷ್ಟು ದೂರ ಹಾಗೇ ಹೋಗಿದ್ದರೆ ಟಾಕಿ ಬರಿದಾಗಿ ನಡುದಾರಿಯಲ್ಲಿ ನಿಲ್ಲುತ್ತಿದ್ದೆವು. ಆಮೇಲೆ ಬರುವ ಬಸ್ಸೋ ಟ್ರೇಲರೋ, ಅದೇ ಗತಿ. ನನ್ನ ಎರಡು ಕೂಸುಗಳು ಹೋದದ್ದು ಅವುಗಳಲ್ಲೇ. ನಾನು ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಕಣ್ಣು ಮುಚ್ಚಿದೆ. ಅಂಜಿಕೆಯಾಗಿತ್ತು, ಬಹಳ ಅಂಜಿಕೆಯಾಗಿತ್ತು.

ಪಕ್ಕದ ಹೊಲದಲ್ಲಿ ಶೇಂಗಾ ಕೀಳುತ್ತಿದ್ದ ಹೆಂಗಸರು ಓಡಿ ಬಂದರು. ನನ್ನ ಹೊಟ್ಟೆ ನೋಡಿ ಒಬ್ಬರೂ ಗಾಡಿಯ ಮಾತೆತ್ತಲಿಲ್ಲ. ನನ್ನನ್ನು ಮೆಲ್ಲಗೆ ಇಳಿಸಿ ಬನ್ನಿ ಗಿಡದ ನೆರಳಿನಲ್ಲಿ ಕೌದಿ ಹಾಸಿ ಮಲಗಿಸಿದರು. ಅವರೇ ಸೆರಗು ಕಟ್ಟಿ ಜೋಳದ ಚೀಲಗಳನ್ನು ಇಳಿಸಿದರು. ಗಾಡಿಯ ಬೆನ್ನು ಉಸಿರು ಬಿಟ್ಟಂತೆ ಮೇಲೆದ್ದಿತು. ಟಾಕಿ ಸೋರಿದರೆ ಸಾಬೂನು ಮೆತ್ತಬೇಕೆಂದು ಕೊಪ್ಪಳದ ಮೇಸ್ತ್ರಿ ಎಂದೋ ಹೇಳಿದ್ದರಂತೆ. ನಮ್ಮವರು ಟ್ರಂಕು ತೆಗೆಸಿ ಕೂಸಿಗೆಂದು ಅತ್ತೆ ಎತ್ತಿಟ್ಟಿದ್ದ ಹೊಸ ಮೈಸಾಬೂನು ಒಯ್ದು, ಅಂಗಾತ ಮಲಗಿ, ಸೀಳಿನೊಳಗೆ ತಿಕ್ಕಿ ತಿಕ್ಕಿ ತುಂಬಿದರು. ಸೋರುವುದು ನಿಂತಿತು.

ಚೀಲಗಳನ್ನು ಮತ್ತೆ ಹೇರುವಂತಿರಲಿಲ್ಲ. ನಮ್ಮ ಅತ್ತೆ ನೆಲಕ್ಕೆ ಬಿದ್ದ ಕಾಳನ್ನೂ ಆರಿಸಿ ಡಬ್ಬಿಗೆ ಹಾಕುವ ಹೆಂಗಸು. ಅವರು ಚೀಲದ ಮೇಲೆ ಕೈಯಿಟ್ಟು ಒಂದು ಗಳಿಗೆ ನಿಂತರು. ಆಮೇಲೆ ಆ ಹೆಂಗಸರ ಕಡೆ ತಿರುಗಿ ಹೇಳಿದರು.

"ಹಂಚಿಕೊಳ್ಳಿರವ್ವಾ. ನನ್ನ ಸೊಸಿ ಹಗುರಾಗಿ ಹೋಗಲಿ."

ಅವರಲ್ಲಿ ಹಿರಿಯಳೊಬ್ಬಳು ಚೀಲದ ಬಾಯಿ ಬಿಚ್ಚಿ, ಬೊಗಸೆ ತುಂಬ ಅದೇ ಜೋಳ ತೆಗೆದುಕೊಂಡು, ಅದರ ಮೇಲೆ ಮಣ್ಣು ಮೆತ್ತಿದ ಹಸಿ ಶೇಂಗಾ ಇಟ್ಟುಕೊಂಡು ನನ್ನ ಬಳಿ ಬಂದಳು. ಹೊಲದ ಬದುವಿಗೆ ಬಂದ ಬಸುರಿಯನ್ನು ಬರಿ ಉಡಿಯಲ್ಲಿ ಕಳಿಸುವ ಪದ್ಧತಿ ಅವರಲ್ಲಿಲ್ಲ. ನನಗೆ ಉಡಿ ತುಂಬಿದರು. ಹೆಸರು ಕೇಳಲಿಲ್ಲ, ಯಾರ ಪೈಕಿ ಎಂದು ಕೇಳಲಿಲ್ಲ. ಅವರ ಮುಖಗಳು ಈಗ ನೆನಪಿಲ್ಲ, ಬೊಗಸೆಗಳು ನೆನಪಿವೆ. ನನ್ನ ಜನ್ಮದಲ್ಲಿ ಯಾರಿಗಾದರೂ ನಾನು ಕೈಮುಗಿಯದೆ ಉಳಿಸಿಕೊಂಡಿದ್ದರೆ ಅವರಿಗೇ. ಇಲ್ಲಿಂದಲೇ ಕೈಮುಗಿಯುತ್ತೇನೆ.

ಹೊತ್ತು ಇಳಿಯುವ ಮೊದಲು ನವಲಿ ಮುಟ್ಟಿದೆವು. ಅವ್ವ ರೊಟ್ಟಿ ನಿವಾಳಿಸಿ ಒಳಗೆ ಕರೆದುಕೊಂಡಳು. ಹೊಟ್ಟೆಯಲ್ಲಿ ಕೂಸು ಒದೆಯುತ್ತಿತ್ತು. ಮುಂದಿನ ವಾರ ಬೆಳಗಿನ ಹೊತ್ತು ಬೇನೆ ಶುರುವಾದಾಗ ಅದೇ ಗಾಡಿ, ಈ ಸಲ ಖಾಲಿ ಬೆನ್ನಿನಲ್ಲಿ, ಕಾಲುವೆಯ ಪಕ್ಕದ ಹಾದಿ ಹಿಡಿದು ನನ್ನನ್ನು ಗಂಗಾವತಿಗೆ ಮುಟ್ಟಿಸಿತು. ಹೆರಿಗೆ ಸುಲಭದ್ದಾಗಿರಲಿಲ್ಲ. ಡಾಕ್ಟರಮ್ಮ ಆ ದಿನ ಊಟಕ್ಕೂ ಏಳಲಿಲ್ಲವಂತೆ. ಸಂಜೆ ನನ್ನ ಪಕ್ಕದಲ್ಲಿ ಕೆಂಪಗೆ, ಗುಂಡಗೆ, ಸಿಟ್ಟಿನಿಂದ ಅಳುವ ಹೆಣ್ಣು ಕೂಸು ಇತ್ತು.

ಆಮೇಲಿನ ವರ್ಷಗಳ ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಎಂಬತ್ತರ ದಶಕ ಮುಗಿಯುತ್ತ ಬರುವವರೆಗೂ ಆ ಗಾಡಿ ನಮ್ಮಲ್ಲಿತ್ತು. ಚೀಲ ಹಿಡಿಯುವುದಿಲ್ಲವೆಂದು ನಕ್ಕ ಮನೆಗಳವರೇ, ಸೊಸೆಗೆ ದಿನ ತುಂಬಿದಾಗ, ಕಾಲು ಮುರಿದ ತಂದೆಯನ್ನು ಕೊಪ್ಪಳಕ್ಕೆ ಒಯ್ಯಬೇಕಾದಾಗ ನಮ್ಮ ಬಾಗಿಲಿಗೆ ಬರುತ್ತಿದ್ದರು. ಹಾಗೆ ಬಂದವರನ್ನು ಒಮ್ಮೆಯೂ ಹಿಂದೆ ಕಳಿಸಲಿಲ್ಲ. ಬಸುರಿಯರ ಜೊತೆ ಹಿಂದಿನ ಇಕ್ಕಟ್ಟಿನ ಸೀಟಿನಲ್ಲಿ ನಾನೇ ಮೊಣಕಾಲು ಗದ್ದಕ್ಕೆ ಹಚ್ಚಿ ಕೂತು ಹೋಗುತ್ತಿದ್ದೆ, ಅಲ್ಲಿಂದಲೇ ರಸ್ತೆ ನೋಡಿ ಹೇಳುತ್ತಿದ್ದೆ. ಕಾರು ಬೇಕಾದಷ್ಟು ಬಂದವು, ಹೊಳಪಿನವು, ನಾಲ್ಕು ಬಾಗಿಲಿನವು. ಆ ಸೀಟು ಕೊಟ್ಟ ಸುಖ ಯಾವುದೂ ಕೊಡಲಿಲ್ಲ. ಯಾವ ಊರಿನ ಯಾರೋ ಕುಶಲಿಗರು, ನನ್ನನ್ನು ಕಂಡವರಲ್ಲ ಕೇಳಿದವರಲ್ಲ, ದೂರದ ಹಾದಿಯಲ್ಲಿ ಮನುಷ್ಯರ ಮೈ ನೋಯಬಾರದೆಂದು ಕೂತು ಯೋಚಿಸಿದ್ದರಲ್ಲ, ಅವರ ಹೊಟ್ಟೆ ತಣ್ಣಗಿರಲಿ.

ಇನ್ನು ತೊಟ್ಟಿಲು ಹಾಕಿದ ದಿನದ ಮಾತು. ನವಲಿಯ ಅಂಗಳದಲ್ಲಿ ಹೆಂಗಸರು ತುಂಬಿದ್ದರು. ನಮ್ಮವರು ಹೊರಗೆ ಗಾಡಿಯ ಕೆಳಗೆ ಮಲಗಿ ಟಾಕಿಗೆ ಹಾಕಿದ ಬೆಸುಗೆ ನೋಡುತ್ತಿದ್ದರು. ಅಷ್ಟು ದಿನವಾದರೂ ಅವರು ಕೂಸನ್ನು ಎತ್ತಿಕೊಂಡಿರಲಿಲ್ಲ. ದೂರದಿಂದ ಇಣುಕಿ ನೋಡುವುದು, ಏನಾದರೂ ನೆಪ ಹೇಳಿ ಗಾಡಿಯ ಕಡೆ ಹೋಗುವುದು. ಹೆಣ್ಣಾಯಿತೆಂದು ಬೇಸರವೇನೋ ಎಂದು ಅವ್ವ ಕೇಳಿದ್ದಳು. ನನ್ನ ಮನಸ್ಸಿಗೂ ಅದು ಹತ್ತಿತ್ತು.

ಗಂಗಾವತಿಯ ಗಿರಣಿ ಮಾಲೀಕರು ಹೆಂಡತಿಯ ಜೊತೆ ಕೂಸಿಗೆ ಕುಂಚಿಗೆ ತಂದಿದ್ದರು. ಗಾಡಿ ಹೇಗಿದೆ ಎಂದು ಕೇಳಿದರು. ನಾನು ಆ ಗಾಡಿಯಿಂದಲೇ ಈ ಕೂಸು ಬದುಕಿತು ಎಂದೆ. ಅವರು ತಲೆಯಾಡಿಸಿ, ನಿಮ್ಮ ಮಾಸ್ತರ ಗಾರು ಲೆಕ್ಕ ತಪ್ಪುವವರಲ್ಲ ಎಂದರು. ನನಗೆ ತಿಳಿಯಲಿಲ್ಲ. ಆಗ ಹೇಳಿದರು. ಗಾಡಿ ಒಯ್ಯುವ ಮೊದಲು ನಮ್ಮವರು ಅವರ ಹತ್ತಿರ ಹೋಗಿ, ನೀರು ತುಂಬಿದ ತಂಬಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಮೊದಲು ನಿಮ್ಮ ಜೀಪಿನಲ್ಲಿ ಕನಕಗಿರಿಯ ಹಾದಿಯಲ್ಲಿ ಕರೆದೊಯ್ಯಿರಿ ಎಂದರಂತೆ. ಜೀಪಿನಲ್ಲಿ ತಂಬಿಗೆ ಬರಿದಾಯಿತು. ಮತ್ತೆ ತುಂಬಿಕೊಂಡು ಬೇವಿನ ಮರದ ಕೆಳಗಿನ ಈ ಗಾಡಿಯಲ್ಲಿ ಅದೇ ಹಾದಿ ಹೋಗಿ ಬಂದರು. ಇಳಿದು ನೋಡಿದರೆ ಅರ್ಧಕ್ಕಿಂತ ಹೆಚ್ಚು ನೀರು ಉಳಿದಿತ್ತು. ಪಂಚೆಯೆಲ್ಲ ತೋಯ್ದು ನಿಂತ ಮನುಷ್ಯನನ್ನು ನೋಡಿ ಗಿರಣಿಯ ಹಮಾಲರೆಲ್ಲ ನಕ್ಕರಂತೆ.

"ಇದೆಲ್ಲ ಯಾಕೆ ಮಾಸ್ತರ ಗಾರು ಅಂತ ಕೇಳಿದೆ ಅಮ್ಮಾ. ‘ನನ್ನ ಹೇಣ್ತಿನ್ನ ಆಸ್ಪತ್ರಿಗೆ ಕರಕೊಂಡು ಬರಬೇಕಾಗೈತ್ರಿ’ ಅಂದರು. ಯಾವಾಗ ಅಂದೆ. ‘ಇನ್ನೂ ಗೊತ್ತಿಲ್ರಿ, ದೇವರು ಕೊಟ್ಟಾಗ’ ಅಂದರು."

ನನ್ನ ಹೊಟ್ಟೆಯಲ್ಲಿ ಆಗ ಏನೂ ಇರಲಿಲ್ಲ. ಎರಡನೆಯದು ಹೋಗಿ ಇನ್ನೂ ಮೈ ಸುಧಾರಿಸಿರಲಿಲ್ಲ. ನಾನು ಮೊರ ಹಿಡಿದು ಮುಖ ತಿರುಗಿಸಿದ ದಿನಕ್ಕೂ ಮೊದಲೇ ಈ ಮನುಷ್ಯ, ಇನ್ನೂ ಬಾರದ ಕೂಸಿಗಾಗಿ, ಆ ರಸ್ತೆಯಲ್ಲಿ ತಂಬಿಗೆ ಹಿಡಿದುಕೊಂಡು ಹೋಗಿ ಬಂದಿದ್ದರು. ಬಾಯಿಬಿಟ್ಟು ಹೇಳಿದರೆ ಎಲ್ಲಿ ಮತ್ತೆ ಕೈತಪ್ಪುತ್ತದೋ ಎಂದು ಅಂಜಿ ಇಷ್ಟು ದಿನ ಬರೀ ಗಾಡಿಯ ಮಾತಾಡಿದ್ದರು. ನನಗೆ ಅಳು ಬಂತು. ಬಾಣಂತಿ ಅಳಬಾರದೆಂದು ಅವ್ವ ಗದರಿದಳು, ಆದರೂ ಅಳು ನಿಲ್ಲಲಿಲ್ಲ.

ಅವರನ್ನು ಒಳಗೆ ಕರೆಸಿದೆ. ಬಂದು ಹೊಸ್ತಿಲ ಆಚೆ ನಿಂತರು. ನಾನು ತೊಟ್ಟಿಲಿನಿಂದ ಕೂಸನ್ನು ತೆಗೆದು ಅವರ ಕಡೆ ಚಾಚಿದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು.

"ಕೈಯಾಗ ಎಣ್ಣಿ ಐತಿ" ಎಂದರು.

"ಇರಲಿ ಬಿಡ್ರಿ, ಹಿಡೀರಿ" ಎಂದೆ.